ಹೊಸದು ಕೊಂಡುಬಿಡಿ ಸಾರ್!

ಬೆಳಿಗ್ಗೆ ಆರೂವರೆಗೆ ಲ್ಯಾಪ್‌ಟಾಪಿನ ಗುಂಡಿ ಒತ್ತಿ, ಹಾಲು ಕಾಯಿಸಿ, ಡಿಕಾಕ್ಷನ್ ಇಳಿಸಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆಯ ಮೇಲೆ ಆ ಬಿಳಿ ಚುಕ್ಕೆಗಳು ಗಿರಗಿರನೆ ಸುತ್ತುತ್ತಲೇ ಇರುತ್ತವೆ. ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶದಲ್ಲಿ ‘ಕ’ ಒತ್ತಿದರೆ ಅದು ಮೂಡುವುದರೊಳಗೆ ಬರೆಯಬೇಕೆಂದಿದ್ದ ವಾಕ್ಯವೇ ಮರೆತುಹೋಗಿರುತ್ತದೆ. ಒತ್ತಕ್ಷರದ ಸುದ್ದಿಯಂತೂ ಕೇಳಲೇಬೇಡಿ.

2017ರಲ್ಲಿ ಕೊಂಡದ್ದು, ಹಳೆಯದೇ, ಒಪ್ಪುತ್ತೇನೆ. ನಮ್ಮ ಮನೆಯ ಮಿಕ್ಸಿ ಇದಕ್ಕಿಂತ ಹಳೆಯದು. ಅದರ ಕಾರ್ಬನ್ ಬ್ರಷ್ ಸವೆದಾಗ ಬೀದಿ ತಿರುವಿನ ಅಂಗಡಿಯವರು ಬ್ರಷ್ ಬದಲಿಸಿ ಕೊಟ್ಟರೇ ಹೊರತು ಮಿಕ್ಸಿಯನ್ನೇ ಬಿಸಾಡಿ ಎನ್ನಲಿಲ್ಲ. ಲ್ಯಾಪ್‌ಟಾಪ್ ರಿಪೇರಿಯ ಮಹಾಶಯನಿಗೆ ಮಾತ್ರ ಗೊತ್ತಿರುವುದು ಒಂದೇ ಮಂತ್ರ.

ಮೊದಲ ಸಲ ಹೋದಾಗ ‘ವೈರಸ್ ಸಾರ್’ ಎಂದು ಫಾರ್ಮ್ಯಾಟ್ ಮಾಡಿದ. ಎರಡು ದಿನ ಚುರುಕಾಗಿತ್ತು, ಮೂರನೆಯ ದಿನ ಮತ್ತೆ ಅದೇ ಎತ್ತಿನ ಗಾಡಿ. ಎರಡನೆಯ ಸಲ ‘ಜನರಲ್ ಸರ್ವಿಸ್, ಕ್ಲೀನಿಂಗ್ ಸಹಿತ’ ಎಂದು ಒಂಬೈನೂರು ರೂಪಾಯಿ ಬಿಲ್ಲು. ಮೂರನೆಯ ಸಲ ಮುಚ್ಚಳವನ್ನು ಮುಟ್ಟಿ ನೋಡಿಯೇ ‘ಮದರ್‌ಬೋರ್ಡ್ ವೀಕಾಗಿದೆ, ಹೊಸದು ಕೊಂಡುಬಿಡಿ’ ಎಂದ. ವೀಕಂತೆ! ಟಾನಿಕ್ ಬರೆದುಕೊಡಲಿಲ್ಲ, ಅಷ್ಟು ಪುಣ್ಯ.

ರೇಗಿಹೋಗಿ ಆ ರಾತ್ರಿ ನಾನೇ ಯಾವ ಭಾಗಕ್ಕೆ ಎಷ್ಟು ಕೆಲಸ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ಕುಳಿತೆ. ಪ್ರೊಸೆಸರ್ ಶೇ. 9ರಲ್ಲಿ ತೂಕಡಿಸುತ್ತಿತ್ತು. ಡಿಸ್ಕ್ ಮಾತ್ರ ಶೇ. 100, ಕೆಂಪಗೆ. ಒಳಗಿರುವುದು ನಿಮಿಷಕ್ಕೆ 5,400 ಸುತ್ತು ತಿರುಗುವ ಹಳೆಯ ಹಾರ್ಡ್ ಡಿಸ್ಕ್. ರ‍್ಯಾಮ್ (ಕೆಲಸ ನಡೆಯುವಾಗಿನ ತಾತ್ಕಾಲಿಕ ನೆನಪು) ಬರೀ 4 ಜಿಬಿ. ಬ್ರೌಸರ್ ತೆರೆದರೆ ಅದು ತುಂಬಿ ತುಳುಕುತ್ತದೆ. ತುಳುಕಿದ್ದನ್ನೆಲ್ಲ ಆ ಡಿಸ್ಕಿನ ಮೇಲೆ ಬರೆದಿಟ್ಟು, ಬೇಕಾದಾಗ ಅಲ್ಲಿಂದಲೇ ಹೆಕ್ಕಿ ತರಬೇಕು. ಸೂಜಿಯಂಥ ಅದರ ಮೊನೆ ಅತ್ತಿಂದಿತ್ತ ಓಡಾಡುವ ಕಟಕಟ ಸದ್ದು ಕಿವಿಗೊಟ್ಟರೆ ಕೇಳಿಸುತ್ತದೆ. ಹಾರ್ಡ್ ಡಿಸ್ಕ್ ತೆಗೆದು, ತಿರುಗುವ ಭಾಗವೇ ಇಲ್ಲದ ಚುರುಕಾದ ಎಸ್‌ಎಸ್‌ಡಿ ಹಾಕಿ, ಇನ್ನೊಂದು ರ‍್ಯಾಮ್ ಸೇರಿಸಿದರೆ ಮುಗಿಯುವ ಕೆಲಸ. ಮೂರು ಸಲ ಹೋದರೂ ಇದನ್ನು ಹೇಳಲು ಆ ಬಾಯಿಗೆ ಏನಾಗಿತ್ತು?

ರ‍್ಯಾಮಿಗೆ ಜಾಗವಿದೆಯೇ ನೋಡೋಣವೆಂದು ತಿರುಗಿಸಿಟ್ಟೆ. ನಡುವಿನ ತಿರುಪಿನ ಮೇಲೆ ಕಂಪನಿಯ ಪುಟ್ಟ ಸ್ಟಿಕ್ಕರ್, ಕೊಂಡ ದಿನ ಹೇಗಿತ್ತೋ ಹಾಗೆಯೇ, ಒಂದು ಗೀರೂ ಇಲ್ಲದೆ ಕುಳಿತಿತ್ತು. ಅದನ್ನು ಹರಿಯದೆ ಮುಚ್ಚಳ ಏಳುವುದಿಲ್ಲ! ಹಾಗಾದರೆ ಒಂಬೈನೂರು ರೂಪಾಯಿಗೆ ಆತ ಕ್ಲೀನ್ ಮಾಡಿದ್ದು ಏನನ್ನು? ನನ್ನ ಜೇಬನ್ನು.

ಸ್ಟಿಕ್ಕರ್ ಹರಿದು, ತಿರುಪು ಬಿಚ್ಚಿ, ಹಳೆಯ ಎಟಿಎಂ ಕಾರ್ಡ್ ತೂರಿಸಿ ಮುಚ್ಚಳ ಎಬ್ಬಿಸಿದೆ. ಫ್ಯಾನಿನ ಬಾಯಿಗೆ ಬೂದುಬಣ್ಣದ ಧೂಳು ಹಾಸಿಗೆಯ ಹತ್ತಿಯಂತೆ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಚಿಮುಟದಲ್ಲಿ ಎಳೆದರೆ ಇಡಿಯಾಗಿ ಕಿತ್ತು ಬಂತು. ಪಕ್ಕದಲ್ಲೇ ರ‍್ಯಾಮಿನ ಖಾಲಿ ಸ್ಲಾಟ್, ಇಷ್ಟು ವರ್ಷ ಯಾರಿಗೋ ಕಾಯುತ್ತಿರುವಂತೆ.

ಇದು ಏಳನೆಯ ತಲೆಮಾರಿನ ಪ್ರೊಸೆಸರ್, ವಿಂಡೋಸ್ 11 ಒಪ್ಪುವ ಪ್ರೊಸೆಸರುಗಳ ಪಟ್ಟಿಯಲ್ಲಿಲ್ಲ. ಇದರಲ್ಲಿರುವ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆತ ಈ ಕಾರಣ ಹೇಳಿದ್ದರೆ ಕೈಮುಗಿದು ಒಪ್ಪುತ್ತಿದ್ದೆ. ಹೇಳುವುದಕ್ಕೆ ಅದೂ ತಿಳಿದಿರಬೇಕಲ್ಲ!

ಮರುದಿನ ಆ ಧೂಳನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿಕೊಂಡು ಹೋಗಿ, ಬಿಲ್ಲಿನ ಪಕ್ಕದಲ್ಲಿ ಬಿಚ್ಚಿಟ್ಟೆ. ಬಗ್ಗಿ ನೋಡಿದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

‘ಇಷ್ಟೊಂದು ಧೂಳು ಹಿಡಿದಿದೆಯೆಂದರೆ ಮುಗಿಯಿತು ಸಾರ್, ಹೊಸದು ಕೊಂಡುಬಿಡಿ.’