ಕನಸನ್ನು ಕೇಳುವವರು ಯಾರು?

ಲಂಡನ್ನಿನ ಹ್ಯಾಂಪ್‌ಸ್ಟೆಡ್ ಬಡಾವಣೆಯಲ್ಲಿ ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ತಮ್ಮ ಬದುಕಿನ ಕೊನೆಯ ದಿನಗಳನ್ನು ಕಳೆದ ಮನೆಯಿದೆ. 1938ರಲ್ಲಿ ನಾಜಿಗಳ ವಶವಾದ ವಿಯೆನ್ನಾವನ್ನು ತೊರೆದು ಅವರು ಇಲ್ಲಿಗೆ ಬಂದಾಗ, ರೋಗಿಗಳು ಒರಗಿಕೊಂಡು ಕನಸು ಹೇಳುತ್ತಿದ್ದ ಮಂಚವೂ ಅವರ ಸಾಮಾನುಗಳ ಜೊತೆ ಬಂತು. 1986ರಿಂದ ವಸ್ತುಸಂಗ್ರಹಾಲಯವಾಗಿರುವ ಆ ಮನೆಗೆ ಹೋದವರ ಕಣ್ಣೆಲ್ಲ ಪರ್ಷಿಯದ ಜಮಖಾನೆ ಹೊದಿಸಿದ ಆ ಮಂಚದ ಮೇಲೆಯೇ ನೆಡುತ್ತದೆ. ಆದರೆ ಅದರ ತಲೆಯ ಕಡೆ, ಒರಗಿದವರಿಗೆ ಕಾಣದ ಹಾಗೆ, ಕೇಳುವವನ ಕುರ್ಚಿಯೂ ಇದೆ. ಕನಸು ಮತ್ತು ಸುಪ್ತಪ್ರಜ್ಞೆಯನ್ನು ವಸ್ತುವಾಗಿ ಇಟ್ಟುಕೊಂಡ ಇಂದಿನ ಕಲೆ ಆ ಮನೆಯಿಂದ ಮಂಚವನ್ನು ಎತ್ತಿಕೊಂಡು ಹೋಯಿತು, ಕುರ್ಚಿಯನ್ನು ಅಲ್ಲಿಯೇ ಬಿಟ್ಟಿತು ಎಂಬುದು ನನ್ನ ಅನಿಸಿಕೆ.

ಹೀಗನ್ನಿಸಲು ಕಾರಣ ನಾನು ಹುಟ್ಟಿ ಬೆಳೆದ ಮಲೆನಾಡಿನ ಸಾಗರ ಸೀಮೆ. ಅಲ್ಲಿ ಕನಸು ಬಿತ್ತು ಎಂದರೆ ಅದನ್ನು ಬೆಳಿಗ್ಗೆ ಬಚ್ಚಲೊಲೆಯ ಮುಂದೆಯೋ ಜಗಲಿಯ ಮೇಲೆಯೋ ಯಾರಿಗಾದರೂ ಹೇಳಲೇಬೇಕು. ಕೇಳಿದ ಅಜ್ಜಿ ಸುಮ್ಮನೆ ಕೂರುವುದಿಲ್ಲ. ಯಾವ ಹೊತ್ತಿಗೆ ಬಿತ್ತು, ಬಂದವರು ಏನಾದರೂ ಕೇಳಿದರೇ, ನೀನು ಉತ್ತರ ಕೊಟ್ಟೆಯಾ ಎಂದು ವಿಚಾರಿಸುತ್ತಾಳೆ. ಹಾವು ಕಂಡಿದ್ದರೆ ನಾಗರಬನಕ್ಕೆ ಹಾಲೆರೆಯುವುದು, ತೀರಿಕೊಂಡ ಹಿರಿಯರು ಬಂದಿದ್ದರೆ ಎಡೆ ಇಡುವುದು, ಊರ ದೇವತೆ ಚೌಡಿಯ ಬನದ ದಾರಿ ಕಂಡಿದ್ದರೆ ಮರೆತ ಹರಕೆಯನ್ನು ನೆನಪಿಸಿಕೊಳ್ಳುವುದು, ಹೀಗೆ ಕನಸಿನ ಬೆನ್ನಿಗೇ ಮನೆಯವರಿಗೊಂದು ಕೆಲಸ ಹುಟ್ಟುತ್ತದೆ. ಕನಸು ಕಂಡವನ ಬಾಲ್ಯದ ಗಾಯವೇನು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಆ ಕನಸು ಮನೆಗೆ, ನೆಲಕ್ಕೆ, ತೀರಿಹೋದವರಿಗೆ ಸೇರಿದ ಸಂಗತಿಯಾಗಿರುತ್ತದೆ. (ಇಂಥ ಮಾತು ಬಂದಾಗಲೆಲ್ಲ ಮಾಂಡೂಕ್ಯೋಪನಿಷತ್ತಿನ ಜಾಗ್ರತ್, ಸ್ವಪ್ನ, ಸುಷುಪ್ತಿಗಳಿಗೆ ನೇರವಾಗಿ ಹಾರುವವರಿದ್ದಾರೆ. ಅದು ದೊಡ್ಡ ವಿಚಾರವೇ ಸರಿ, ಆದರೆ ಆ ಹಾರಾಟದಲ್ಲಿ ಜಗಲಿಯ ಮೇಲಿನ ಅಜ್ಜಿ ಕಾಣೆಯಾಗುತ್ತಾಳೆ.)

ಯುರೋಪಿನ ಕಲೆಯೂ ಕೇಳುವ ಹಂಬಲದಿಂದಲೇ ಹೊರಟಿತ್ತು. 1924ರಲ್ಲಿ, ಕನಸನ್ನೂ ಸುಪ್ತಪ್ರಜ್ಞೆಯನ್ನೂ ಕಲೆಯ ಮೂಲವೆಂದು ಸಾರಿದ ಅತಿವಾಸ್ತವವಾದದ (ಸರ್ರಿಯಲಿಸಂ) ಪ್ರಣಾಳಿಕೆ ಬರೆದ ಆಂದ್ರೆ ಬ್ರೆತೋಂ ವೈದ್ಯಕೀಯ ಓದಿದವರು. ಮೊದಲ ಮಹಾಯುದ್ಧದ ಕಾಲದಲ್ಲಿ ಸಾಂ ದಿಜಿಯೇ ಊರಿನ ಮನೋರೋಗ ಚಿಕಿತ್ಸಾಲಯದಲ್ಲಿ, ಸಿಡಿಗುಂಡುಗಳ ಆಘಾತದಿಂದ ಕಂಗೆಟ್ಟ ಸೈನಿಕರ ಕನಸುಗಳನ್ನೂ ಬಡಬಡಿಕೆಗಳನ್ನೂ ಹತ್ತಿರದಿಂದ ಕೇಳಿದ್ದರು. ಅದೇ 1924ರಲ್ಲಿ ಅವರ ಗೆಳೆಯರ ಬಳಗ ಪ್ಯಾರಿಸ್ಸಿನಲ್ಲಿ ಒಂದು ಕಚೇರಿಯನ್ನೇ ತೆರೆದು, ಜನಸಾಮಾನ್ಯರು ಬಂದು ತಮ್ಮ ಕನಸುಗಳನ್ನು ಹೇಳಲಿ ಎಂದು ಕಾದು ಕುಳಿತಿತು. ಆ ಕಚೇರಿ ಬೇಗ ಮುಚ್ಚಿತು, ಚಿತ್ರಗಳು ಉಳಿದವು. 1931ರಲ್ಲಿ ಸಾಲ್ವಡಾರ್ ಡಾಲಿ ಬರೆದ ಕರಗುವ ಗಡಿಯಾರಗಳ ಚಿತ್ರ ಒಂದು ಪುಸ್ತಕದ ಹಾಳೆಯಷ್ಟೇ ಅಗಲದ್ದು, ಆದರೆ ಕನಸಿನ ಚಿತ್ರವೆಂದರೆ ಹೀಗೇ ಇರಬೇಕು ಎಂಬ ನಂಬಿಕೆಯನ್ನು ಜಗತ್ತಿಗೆಲ್ಲ ಅಂಟಿಸಿತು. ನಮ್ಮ ಊರುಗಳ ಪ್ರದರ್ಶನಗಳಲ್ಲೂ ಗಾಳಿಯಲ್ಲಿ ತೇಲುವ ಕಣ್ಣು, ಮರಳುಗಾಡಿನ ನಡುವಿನ ಬಾಗಿಲು ಕಾಣುವಾಗ ನನಗೆ ನೋವಾಗುತ್ತದೆ. ವರ್ಷದ ನಾಲ್ಕು ತಿಂಗಳು ಮಳೆ ಸುರಿಯುವ ಸೀಮೆಯವನ ನಿದ್ದೆಗೆ ಮರಳುಗಾಡು ಎಲ್ಲಿಂದ ಬಂತು?

ಕುರ್ಚಿಯನ್ನು ಹುಡುಕಿದ ಕಲಾವಿದರೂ ಇದ್ದಾರೆ. ಸೂಸಾನ್ ಹಿಲ್ಲರ್ 1974ರಲ್ಲಿ ಇಂಗ್ಲೆಂಡಿನ ಹ್ಯಾಂಪ್‌ಶೈರ್ ಹಳ್ಳಿಗಾಡಿನಲ್ಲಿ, ಅಣಬೆಗಳು ವರ್ತುಲವಾಗಿ ಎದ್ದಿದ್ದ ಹುಲ್ಲುಗಾವಲಿನ ಮೇಲೆ ಕೆಲವರನ್ನು ಮಲಗಿಸಿದರು. ಎದ್ದವರು ಬೆಳಿಗ್ಗೆ ತಮ್ಮ ಕನಸಿನ ನಕ್ಷೆ ಬರೆದರು. ಆ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ಎಲ್ಲರಿಗೂ ಸೇರಿದ ನಕ್ಷೆಯೊಂದನ್ನು ಮಾಡಲಾಯಿತು. ಒಂದೇ ನೆಲದ ಮೇಲೆ ಮಲಗಿದವರ ಕನಸುಗಳು ಒಂದನ್ನೊಂದು ಮುಟ್ಟಬಹುದು ಎಂಬ ಆ ಊಹೆ ನಮ್ಮ ಜಗಲಿಗೆ ತೀರ ಹತ್ತಿರದ್ದು. ಹಾಗಾಗಿ ನಾನು ಓದಿ ಬಲ್ಲ ಇಂಥ ಕೃತಿಗಳಲ್ಲೆಲ್ಲ ನನಗೆ ಅದೇ ಹೆಚ್ಚು ಪ್ರಿಯ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ 2022ರಲ್ಲಿ, ಅಲ್ಲಿನ ಸಂಗ್ರಹವನ್ನೇ ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಉಣಿಸಿ ಕಲಾವಿದ ರೆಫಿಕ್ ಅನಡೋಲ್ ತೋರಿಸಿದ ಹೊರಳುವ ಬಣ್ಣಗಳು ಕಣ್ಣು ತುಂಬುತ್ತವೆ. ಅದನ್ನು ಯಂತ್ರದ ಕನಸು ಎನ್ನಲು ಮಾತ್ರ ನನಗೆ ಮನಸ್ಸು ಬಾರದು, ಏಕೆಂದರೆ ಬೆಚ್ಚಿ ಎದ್ದು ಯಾರಿಗಾದರೂ ಹೇಳಬೇಕೆಂಬ ತುರ್ತು ಅದಕ್ಕಿಲ್ಲ.

ಹಾಗೆಂದು ಮಲೆನಾಡಿನ ಜಗಲಿಯನ್ನು ಹೊಗಳಿ ಮುಗಿಸಲಾರೆ. ಕೇಳುವವರಿಗೆ ಅಧಿಕಾರವಿರುತ್ತದೆ. ಅತ್ತೆಯ ಮೇಲಿನ ಸಿಟ್ಟು ಹೊಸ ಸೊಸೆಯ ಕನಸಿಗೆ ಬಂದರೆ ಅವಳು ಯಾರ ಮುಂದೆ ಬಾಯಿ ಬಿಡಬೇಕು? ಹೇಳಿದರೂ ಅದು ಚೌಡಿಯ ಕಾಟವಾಗುತ್ತದೆ, ಒಂದು ಕಾಯಿ ಒಡೆದಲ್ಲಿಗೆ ಮಾತು ನಿಲ್ಲುತ್ತದೆ, ಸಿಟ್ಟು ಅವಳೊಳಗೇ ಉಳಿಯುತ್ತದೆ. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಶಿಲ್ಪಿ ಲೂಯಿಸ್ ಬೂರ್ಜ್ವಾ ಅವರ ರಾತ್ರಿಯ ಚಿತ್ರಗಳು ನನಗೆ ಮುಖ್ಯವಾಗುವುದು ಇಲ್ಲಿ. 1994ರ ನವೆಂಬರಿನಿಂದ 1995ರ ಜೂನ್‌ವರೆಗೆ, ಎಂಬತ್ತು ದಾಟಿದ ಆ ಹೆಂಗಸು ನಿದ್ದೆ ಬಾರದ ರಾತ್ರಿಗಳಲ್ಲಿ 220 ಚಿತ್ರಗಳನ್ನು ಬರೆದರು. ಕೆಂಪು ಶಾಯಿಯ ಸುಳಿಗಳು, ನೀರಿನ ತೆರೆಗಳು, ಇಂಗ್ಲಿಷ್ ಮತ್ತು ಫ್ರೆಂಚಿನ ಸಾಲುಗಳು ಒಂದರೊಳಗೊಂದು ಸೇರಿಕೊಂಡಿವೆ. ಮನೆಯ ಸಿಟ್ಟನ್ನೂ ಭಯವನ್ನೂ ಶಾಂತಿ ಮಾಡಿಸಿ ಕಳುಹಿಸದೆ, ಇರುವ ಹಾಗೆಯೇ ಕಾಗದದ ಮೇಲೆ ಕೂರಿಸುವ ಈ ಧೈರ್ಯ ನಮ್ಮ ಜಗಲಿಗೆ ಇರಲಿಲ್ಲ. ಆದರೆ ಬೂರ್ಜ್ವಾ ಅವರೂ 1950ರ ದಶಕದ ಆರಂಭದಿಂದ ದೀರ್ಘಕಾಲ ಮನೋವಿಶ್ಲೇಷಕರೊಬ್ಬರ ಮುಂದೆ ಮಾತಾಡಿದವರು. ಆ ರೇಖೆಗಳ ಹಿಂದೆ ಕೇಳಿಸಿಕೊಂಡ ಒಂದು ಕಿವಿ ಇದ್ದೇ ಇತ್ತು.

ಹೊರಗಿನವರು ನಮ್ಮ ಕಲೆಯನ್ನು ನೋಡುವಾಗ ಮಾಡುವ ಒಂದು ಅವಸರವನ್ನೂ ಇಲ್ಲಿ ಹೇಳಬೇಕು. ಸಾಗರ, ಸೊರಬದ ದೀವರ ಸಮುದಾಯದ ಹೆಂಗಸರು ಮದುವೆಯ ಮನೆಯ ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿಯ ಗೆರೆ ಎಳೆದು ಬರೆಯುವ ಹಸೆ ಚಿತ್ತಾರವನ್ನು ಸಾಮೂಹಿಕ ಸುಪ್ತಪ್ರಜ್ಞೆಯ ಅಭಿವ್ಯಕ್ತಿ ಎಂದು ಕರೆಯುವುದು ಸುಲಭ. ಬರೆಯುವವಳಿಗಾದರೋ ಯಾವ ಗೆರೆ ಬಾಸಿಂಗದ್ದು, ಯಾವುದು ಯಾವ ಎಳೆಯದ್ದು ಎಂಬುದು ಪೂರ್ತಿ ಎಚ್ಚರದಲ್ಲೇ ಗೊತ್ತು. ಆ ಲೆಕ್ಕ, ಆ ಕೈಯ ತರಬೇತಿ ನಿದ್ದೆಯ ಕೂಸಲ್ಲ, ಅವಳ ವಿದ್ಯೆ. ಅದನ್ನು ಕನಸೆಂದು ಕರೆದರೆ ಅವಳ ವಿದ್ಯೆಯನ್ನು ಕಸಿದುಕೊಂಡಂತೆ.

ನಮ್ಮಲ್ಲಿ ನಿಜವಾಗಿಯೂ ಕನಸಿನ ಕಲೆಗೆ ಕಾದಿರುವ ವಸ್ತು ಬೇರೆಯೇ ಇದೆ. ಶರಾವತಿಗೆ ಮೊದಲು ಹಿರೇಭಾಸ್ಕರದಲ್ಲಿ, ಆಮೇಲೆ 1964ರಲ್ಲಿ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಬಂದು, ತೋಟ, ಗದ್ದೆ, ದೇವಸ್ಥಾನಗಳೊಂದಿಗೆ ಊರೂರುಗಳೇ ನೀರಿನಡಿ ಹೋದವು. ಬೇಸಿಗೆಯಲ್ಲಿ ನೀರು ಇಳಿದರೆ ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಮೇಲೆದ್ದು ಕಾಣುತ್ತದೆ. ಮುಳುಗಡೆಯಾಗಿ ಎದ್ದು ಬಂದ ನಮ್ಮ ಬಂಧುಗಳಲ್ಲಿ ಹಲವರು, ಹೊಸ ಊರಿನಲ್ಲಿ ಒಂದು ಆಯುಷ್ಯವನ್ನೇ ಕಳೆದ ಮೇಲೂ, ಕನಸಿಗೆ ಬರುವುದು ಹಳೆಯ ಮನೆಯೇ ಎನ್ನುತ್ತಾರೆ. ಎಡೆ ಇಟ್ಟರೆ ತಣಿಯುವ ಕನಸು ಇದಲ್ಲ, ಏಕೆಂದರೆ ಎಡೆ ಇಡಬೇಕಾದ ಜಾಗವೇ ನೀರಿನಡಿ ಇದೆ. ಒಬ್ಬೊಬ್ಬರ ಬಾಲ್ಯವನ್ನು ಅಗೆದು ಅರ್ಥ ಮಾಡಬಹುದಾದ ಕನಸೂ ಅಲ್ಲ. ಅದನ್ನು ಕಾಣುತ್ತಿರುವುದು ಒಂದು ಸೀಮೆಯೇ.

ಶಿವಮೊಗ್ಗದ ತರುಣ ಕಲಾವಿದರು ಈ ಹಿರಿಯರು ಇರುವಾಗಲೇ ಅವರ ಬಳಿ ಹೋಗಿ ಕೂರಬೇಕು. ಕನಸಿನಲ್ಲಿ ಕಂಡ ಮನೆಯ ನಕ್ಷೆಯನ್ನು ಅವರ ಕೈಯಿಂದಲೇ ಬರೆಸಬೇಕು, ಅಕ್ಕಪಕ್ಕದ ಮನೆಯವರ ನಕ್ಷೆಗಳನ್ನು ಜೋಡಿಸಿ ಮುಳುಗಿದ ಕೇರಿಯೊಂದು ಹೇಗೆ ಮೂಡುತ್ತದೆ ಎಂದು ನೋಡಬೇಕು. ಆ ಚಿತ್ರಗಳು ಬೆಂಗಳೂರಿಗೋ ಲಂಡನ್ನಿಗೋ ಬರುವ ಮೊದಲು ಸಾಗರದಲ್ಲಿ ಗೋಡೆ ಏರಲಿ. ನಾಟಕ ನೋಡಿ, ಅದರ ಬಗ್ಗೆ ಕುಳಿತು ಚರ್ಚಿಸುವ ಅಭ್ಯಾಸವನ್ನು 1949ರಲ್ಲಿ ಹುಟ್ಟಿದ ನೀನಾಸಮ್ ಪಕ್ಕದ ಹೆಗ್ಗೋಡಿನಲ್ಲಿ ತಲೆಮಾರುಗಳಿಂದ ಬೆಳೆಸಿದೆ. ಅಂಥ ಊರಿನಲ್ಲಿ ಕೇಳುವವರಿಗೆ ಬರವಿಲ್ಲ. ಕನಸು ಹೇಳಿದವರು ಪ್ರದರ್ಶನದ ದಿನ ಅಲ್ಲಿರಲಿ, ತೋಟದ ದಾರಿ ಈ ಕಡೆ ಇರಲಿಲ್ಲ ಎಂದು ಯಾರಾದರೂ ತಕರಾರು ತೆಗೆದರೆ ಕಲಾವಿದ ಪೆನ್ಸಿಲ್ ಹಿಡಿದು ಅಲ್ಲಿಯೇ ತಿದ್ದಲಿ, ಬೇಡವೆಂದವರ ಚಿತ್ರವನ್ನು ಗೋಡೆಯಿಂದ ಇಳಿಸಿ ಅವರ ಕೈಗೇ ಕೊಡಲಿ.