ಮಳೆಗಾಲದ ರನ್‌ವೇ ಮತ್ತು ಡಿಜಿಸಿಎ ಕುರ್ಚಿ

ವಿಮಾನ ನಿಲ್ದಾಣ ಆಗಲಿರುವ ಅಂಕೋಲಾದ ಅಲಗೇರಿಗೆ ವಿಮಾನ ಯಾವಾಗ ಬರುತ್ತದೆ ಎಂದು ಕಾರವಾರದಿಂದ ಶಿರಸಿವರೆಗೆ ಎಲ್ಲರೂ ಕೇಳುತ್ತಾರೆ. ಜೂನ್‌ನ ಜಡಿಮಳೆಯಲ್ಲಿ ಅದು ಇಳಿಯಬಹುದೋ ಇಲ್ಲವೋ ಎಂಬ ನಿಯಮಕ್ಕೆ ಹೊಣೆ ಯಾರು ಎಂದು ಕೇಳುವವರು ಕಡಿಮೆ. ಆ ಹೊಣೆ ನಾಗರಿಕ ವಿಮಾನಯಾನ ಮಹಾನಿರ್ದೇಶಕರದು, ಅಂದರೆ ಡಿಜಿಸಿಎಯದು. "ಈಗ ಇಳಿಸುವುದಿಲ್ಲ" ಎಂದ ಪೈಲಟ್ ಬೆನ್ನಿಗೆ ನಿಲ್ಲುವುದೇ ಆ ಕುರ್ಚಿಯ ಮೊದಲ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ.

ಲೆಕ್ಕ ನೋಡಿ. ಪರೀಕ್ಷೆಯಲ್ಲಿ 1,200 ಮೀಟರ್‌ನಲ್ಲಿ ಇಳಿದು ನಿಂತ ಜೆಟ್ ವಿಮಾನಕ್ಕೆ ಒಣ ರನ್‌ವೇ ಕನಿಷ್ಠ 2,000 ಮೀಟರ್ ಇರಬೇಕು. ಒದ್ದೆಯಾಗುವ ಸಂಭವವಿದ್ದರೆ ಅದರ ಮೇಲೆ ಶೇ 15 ಸೇರಿಸಿ 2,300. ಹೊರಡುವ ಮೊದಲೇ ಈ ಲೆಕ್ಕ ಆಗಬೇಕು. ಆದರೆ ಚಕ್ರ ಸರಿಯಾದ ಜಾಗದಲ್ಲಿ ನೆಲ ಮುಟ್ಟದಿದ್ದರೆ ಇಷ್ಟೂ ಲೆಕ್ಕ ನೀರುಪಾಲು. 2010ರ ಮೇ 22ರಂದು ಮಂಗಳೂರಿನಲ್ಲಿ ಸುಮಾರು 2,450 ಮೀಟರ್ ರನ್‌ವೇಯ 1,580 ಮೀಟರ್ ದಾಟಿದ ಮೇಲೆ ವಿಮಾನ ನೆಲ ಮುಟ್ಟಿತು. ಅಂದು ಮಳೆಯೂ ಇರಲಿಲ್ಲ. ಸಹ ಪೈಲಟ್ "ಗೋ ಅರೌಂಡ್" (ಇಳಿಸದೆ ಮತ್ತೆ ಮೇಲೇರಿಸಿ) ಎಂದು ಮತ್ತೆ ಮತ್ತೆ ಹೇಳಿದ್ದರು. ಹೋದದ್ದು 158 ಜೀವ. 2020ರ ಆಗಸ್ಟ್ 7ರಂದು ಕೋಯಿಕ್ಕೋಡ್ ದುರಂತದಲ್ಲಿ ಮಳೆ, ಹಿಂಗಾಳಿ, ಮತ್ತೆ ರನ್‌ವೇಯ ಅರ್ಧದ ಹತ್ತಿರ ನೆಲ ಮುಟ್ಟಿದ್ದು.

ಮೋಡ ಮಳೆಯಲ್ಲಿ 1,000 ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ವೇಗ, ಇಳಿಯುವ ದರ, ರೆಕ್ಕೆಯ ಫ್ಲ್ಯಾಪ್ ಹದಕ್ಕೆ ಬಂದಿರದಿದ್ದರೆ ವಿಮಾನವನ್ನು ಮತ್ತೆ ಮೇಲೇರಿಸಬೇಕು. ಸುಟ್ಟ ಇಂಧನಕ್ಕೆ ಯಾವ ಕಂಪನಿಯೂ ಪೈಲಟ್‌ನಿಂದ ಸಮಜಾಯಿಷಿ ಕೇಳಕೂಡದು. ಕೇಳಿದ್ದು ಗೊತ್ತಾದರೆ ಡಿಜಿಸಿಎ ಆ ಕಂಪನಿಯನ್ನು ಹಿಡಿದು ಕೇಳಬೇಕು. ಅದಕ್ಕೆ ಜನ ಬೇಕಲ್ಲ? 2025ರಲ್ಲಿ ಸಂಸದೀಯ ಸಮಿತಿ ನೋಡಿದಾಗ ಅಲ್ಲಿ ಸುಮಾರು ಅರ್ಧ ಹುದ್ದೆ ಖಾಲಿ!

ನಮ್ಮ ಕರಾವಳಿಗೆ ಇನ್ನೊಂದು ಮಾತು. ನಿಲ್ದಾಣದ 10 ಕಿ.ಮೀ. ಸುತ್ತ ಹಕ್ಕಿ ಸೆಳೆಯುವ ಕಸ ಎಸೆಯುವಂತಿಲ್ಲ. ಬೇಲೆಕೇರಿ ಪಕ್ಕದಲ್ಲೇ ಇದೆ. ಮೀನಿನ ತ್ಯಾಜ್ಯಕ್ಕೆ ಹದ್ದು, ಬೆಳ್ಳಕ್ಕಿ ಬಂದೇ ಬರುತ್ತವೆ. ಮೀನುಗಾರರ ಮೇಲೆ ಕೇಸು ಹಾಕುವ ಮೊದಲು ಆ ತ್ಯಾಜ್ಯ ಸಾಗಿಸುವ ವ್ಯವಸ್ಥೆ ಆಗಲಿ.

ರನ್‌ವೇಗೆ ಅಂಟಿದ ಟೈರಿನ ರಬ್ಬರ್ ಮಳೆಯಲ್ಲಿ ಜಾರುತ್ತದೆ. ಮಳೆಗಾಲಕ್ಕೆ ಮೊದಲೇ ಅದನ್ನು ಕೆರೆದು ತೆಗೆದು ಹಿಡಿತ ಅಳೆಯಬೇಕು. ಗೋವಾದ ದಾಬೋಳಿ ನಿಲ್ದಾಣದಂತೆ ಇಲ್ಲೂ ರನ್‌ವೇ ನೌಕಾಪಡೆಯದು, ಪ್ರಯಾಣಿಕ ವಿಮಾನದ ಮೇಲ್ವಿಚಾರಣೆ ಡಿಜಿಸಿಎಯದು. ಅಳೆಯುವವರು ಯಾರು, ರನ್‌ವೇ ಜಾರುತ್ತಿದೆ ಎಂದು ಪೈಲಟ್‌ಗೆ ಹೇಳುವವರು ಯಾರು, ಇದು ಮೊದಲ ವಿಮಾನ ಇಳಿಯುವ ಮುಂಚೆ ಕಾಗದದ ಮೇಲೆ ಬರಬೇಕು.