ಆ ಉದ್ದನೆಯ ಶಾಟ್‌ಗಳು ಬರಿಯ ಕಸರತ್ತಲ್ಲ

‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ ಎಂಬ ದೆವ್ವದ ಕಥೆಯ ಟಿವಿ ಸರಣಿಯ 6ನೇ ಕಂತು ಕ್ಯಾಮೆರಾದ ಕಸರತ್ತು ಮಾತ್ರ, ಅದರಲ್ಲಿ ಭಯವೇ ಇಲ್ಲ ಎಂದು ಅದರ ವಿಮರ್ಶೆಯೊಂದರ ಲೇಖಕರು ಬರೆದಿದ್ದಾರೆ. ನಾನು ಖಂಡಿತ ಒಪ್ಪುವುದಿಲ್ಲ. ಇಡೀ ಕಂತು ಐದು ಉದ್ದನೆಯ ಶಾಟ್‌ಗಳಲ್ಲಿ ಸಾಗುವುದು ನಿಜ. ಆದರೆ ಒಂದೊಂದು ಶಾಟ್‌ನ ನಡುವೆ ಎಲ್ಲಿಯೂ ಕತ್ತರಿ ಬೀಳದ ಕಾರಣಕ್ಕೇ ಆ ಮನೆಯವರಿಗೆ, ಅವರೊಂದಿಗೆ ನಮಗೂ, ತೀರಿಕೊಂಡ ಮಗಳು ನೆಲ್‌ಳ ಶವಪೆಟ್ಟಿಗೆಯ ಎದುರಿನಿಂದ ತಪ್ಪಿಸಿಕೊಳ್ಳಲು ದಾರಿ ಸಿಗುವುದಿಲ್ಲ. ನಮ್ಮ ಅಜ್ಜಿ ತೀರಿಕೊಂಡ ರಾತ್ರಿ ದೊಡ್ಡಪ್ಪ, ಅತ್ತೆಯರೆಲ್ಲ ಹೆಣದ ಪಕ್ಕದಲ್ಲೇ ಕುಳಿತು ಇಪ್ಪತ್ತು ವರ್ಷಗಳ ಹಿಂದಿನ ಮಾತುಗಳನ್ನು ಎತ್ತಿ ಆಡಿದ್ದರು. ಎದ್ದು ಹೋಗುವಂತಿರಲಿಲ್ಲ, ಕುಳಿತಿರಲೂ ಆಗುತ್ತಿರಲಿಲ್ಲ. ಆ ಉಸಿರುಗಟ್ಟುವಿಕೆಯನ್ನು ತೆರೆಯ ಮೇಲೆ ನಾನು ಕಂಡದ್ದು ಈ ಕಂತಿನಲ್ಲಿ ಮಾತ್ರ.

ತಂದೆ ಹ್ಯೂ ಅಂತ್ಯಕ್ರಿಯೆಯ ಕಟ್ಟಡದ ಕಾರಿಡಾರ್‌ನಲ್ಲಿ ನಡೆಯುತ್ತ ನಡೆಯುತ್ತಲೇ ಮಕ್ಕಳು ಚಿಕ್ಕವರಾಗಿದ್ದಾಗ ತಾವೆಲ್ಲ ವಾಸಿಸಿದ್ದ ದೆವ್ವದ ಮನೆ ಹಿಲ್ ಹೌಸ್‌ಗೆ ಕಾಲಿಡುತ್ತಾನೆ. ಇದಕ್ಕೆಂದೇ ನಿರ್ದೇಶಕ ಮೈಕ್ ಫ್ಲಾನಗನ್ ಎರಡೂ ಸೆಟ್‌ಗಳನ್ನು ಜೋಡಿಸಿ ಕಟ್ಟಿಸಿದ್ದರು. ದುಃಖದಲ್ಲಿರುವವನಿಗೆ ನೆನಪು ಹೀಗೆಯೇ ಬರುತ್ತದೆ, ಬಾಗಿಲು ತಟ್ಟಿ ಬರುವುದಿಲ್ಲ. ಇದನ್ನು ಪ್ರದರ್ಶನಪ್ರಿಯತೆ ಎನ್ನುವುದು ಅನ್ಯಾಯ.

ಭಯದ ವಿಷಯಕ್ಕೆ ಬಂದರೆ, ಹಿಲ್ ಹೌಸ್‌ನಲ್ಲಿ ಬಿರುಗಾಳಿಯ ರಾತ್ರಿ ಕಾಣೆಯಾಗಿದ್ದ ಪುಟ್ಟ ನೆಲ್, ತಾನು ಇಲ್ಲಿಯೇ ಇದ್ದೆ, ಕೂಗುತ್ತಿದ್ದೆ, ಯಾರಿಗೂ ಕಾಣಿಸಲಿಲ್ಲ ಎನ್ನುತ್ತಾಳೆ. ಕೊನೆಗೆ ಅವಳ ಪ್ರೇತ ಪೆಟ್ಟಿಗೆಯ ಬಳಿ ನಿಂತಿರುತ್ತದೆ. ಆಗಲೂ ಯಾರೂ ನೋಡುವುದಿಲ್ಲ. ಈ ಕಂತು ನೋಡಿದ ರಾತ್ರಿ ನಾನು ದೀಪ ಆರಿಸದೆ ಮಲಗಿದೆ.